ಕತೆಗೆ ‘ನಾನು’ ಬೇಕೋ, ‘ಅವಳು’ ಸಾಕೋ?

ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಎಂಬ ಸಣ್ಣಕತೆಯಲ್ಲಿ ‘ನಾನು’ ಎಂದು ಕತೆ ಹೇಳುವವಳು ಮಂಗಮ್ಮನಲ್ಲ, ಬೆಂಗಳೂರಿನಲ್ಲಿ ಅವಳಿಂದ ಮೊಸರು ಕೊಳ್ಳುವ ಗೃಹಿಣಿ. ಮಂಗಮ್ಮನಿಗೂ ಸೊಸೆಗೂ ನಡೆದ ಜಗಳ ನಮಗೆ ತಲುಪುವುದು ಈ ಗೃಹಿಣಿಯ ಕಿವಿಗೆ ಬಿದ್ದಷ್ಟೇ. ಅತ್ತೆಯಾದ ಮಂಗಮ್ಮನ ಮಾತನ್ನು ಎಷ್ಟು ನಂಬಬೇಕು ಎಂಬುದನ್ನು ಓದುಗರೇ ತೂಗಬೇಕು. ಕತೆಯ ಬಲ ಇರುವುದೇ ಇಲ್ಲಿ.

ಇದನ್ನೇ ಪ್ರಥಮ ಪುರುಷದಲ್ಲಿ, ಅಂದರೆ ‘ಅವಳು’ ಎಂದು, ಮಂಗಮ್ಮನ ಬೆನ್ನಿಗಂಟಿಕೊಂಡು ಬರೆದರೆ ಹಳ್ಳಿಯ ಮನೆಯೊಳಕ್ಕೆ ನೇರ ಹೋಗಬಹುದು. ಸೊಸೆಯಿಂದ ಮೊಮ್ಮಗನಿಗೆ ಬಿದ್ದ ಪೆಟ್ಟನ್ನು ಕಣ್ಣೆದುರೇ ತೋರಿಸಬಹುದು. ಆದರೆ ತೋರಿಸಿದ ಕೂಡಲೇ ಅದು ನಿಜವೆಂದು ಮುದ್ರೆ ಬೀಳುತ್ತದೆ, ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

‘ನಾನು’ ಆರಿಸಿದವರು ಹೆಚ್ಚಾಗಿ ಎಡವುವುದು ನಿರೂಪಕಿ ತಾನಿಲ್ಲದ ಕಡೆ ನಡೆದದ್ದನ್ನು ಕಂಡಂತೆ ಹೇಳಿದಾಗ. ‘ಸೊಸೆ ಮುಖ ತಿರುಗಿಸಿದಳು’ ಎಂಬುದನ್ನು ‘ತಿರುಗಿಸಿದಳಂತೆ’ ಎಂದರೆ ಸರಿಹೋಗುತ್ತದೆ. ಸಾಲುಸಾಲಿಗೂ ‘ಅಂತೆ’ ಬಂದರೆ ಮಾತ್ರ ಓದು ಕುಂಟುತ್ತದೆ. ಆಗ ಪಾತ್ರದ ಬಾಯಿಂದಲೇ ಹೇಳಿಸಿ. ಇನ್ನೊಂದು, ‘ಬಂದೆ’, ‘ಕೊಂಡೆ’ಗಳಲ್ಲಿ ಲಿಂಗ ಕಾಣುವುದಿಲ್ಲ. ಹೇಳುವವರು ಹೆಣ್ಣೋ ಗಂಡೋ ಎಂಬುದನ್ನು ಮೊದಲ ಪ್ಯಾರಾದಲ್ಲೇ, ಬೇರೆಯವರು ‘ಅಮ್ಮಾ’ ಎಂದು ಕರೆಯುವ ಮೂಲಕವೋ ಹೇಗೋ, ತಿಳಿಸಿಬಿಡಿ.

ಪ್ರಥಮ ಪುರುಷ ಕೆಡುವುದು ಒಂದೇ ದೃಶ್ಯದಲ್ಲಿ ಅತ್ತೆ, ಸೊಸೆ ಇಬ್ಬರ ಮನಸ್ಸಿಗೂ ಜಿಗಿದಾಗ. ‘ಅವಳು’ ಯಾರೆಂದೇ ತಿಳಿಯದೆ ಓದುಗರು ಹಿಂದಿನ ಸಾಲಿಗೆ ಮರಳುತ್ತಾರೆ.

ಗಾಳಿಮಾತು, ಅರ್ಧಸತ್ಯ ನಿಮ್ಮ ವಸ್ತುವಾದರೆ ನಮ್ಮ ಆಯ್ಕೆ ಸಾಕ್ಷಿಯಾಗಿ ನಿಂತ ‘ನಾನು’. ಯಾರ ಮುಂದೆಯೂ ಬಾಯಿಬಿಡದ ಪಾತ್ರಕ್ಕೆ ‘ಅವಳು’. ನಿರ್ಧಾರವಾಗದಿದ್ದರೆ ಜಗಳದ ದೃಶ್ಯವನ್ನಷ್ಟೇ ಎರಡೂ ಬಗೆಯಲ್ಲಿ ಹತ್ತತ್ತು ಸಾಲು ಬರೆದು, ಗಟ್ಟಿಯಾಗಿ ಓದಿ ನೋಡಿ.