ಕಣಿಕೆಯೋ, ಭತ್ತದ ಹುಲ್ಲೋ: ಮನೆಯ ಹಸುವಿನ ಮೇವಿನ ಲೆಕ್ಕ

ಕೊಪ್ಪಳ ಜಿಲ್ಲೆಯ ಕಾರಟಗಿ ಸುತ್ತಿನ ನೀರಾವರಿ ಊರಿನಲ್ಲಿದ್ದುಕೊಂಡು, ಯಲಬುರ್ಗಾ ಕಡೆಯ ಒಣಭೂಮಿಯಿಂದ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಿಳಿಜೋಳದ ಕಣಿಕೆ, ಅಂದರೆ ತೆನೆ ಕೊಯ್ದ ಮೇಲೆ ಉಳಿದ ಒಣ ದಂಟು, ತರಿಸುವ ನನ್ನನ್ನು ಕಂಡು ನೆರೆಯವರು ನಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಹುಲ್ಲಿಗೆ ಬರವಿಲ್ಲ. ಆದರೂ ಮನೆಯ ಹಾಲಿಗೆಂದು ಕಟ್ಟಿದ ಒಂದೇ ಹಸುವಿಗೆ ಎರಡನ್ನೂ ತಿನ್ನಿಸಿ ನೋಡಿದ ಮೇಲೆ ನಾನು ಒಟ್ಟಿಸಿದ್ದು ಕಣಿಕೆಯ ಬಣವೆಯನ್ನೇ.

ಭತ್ತದ ಹುಲ್ಲಿನಲ್ಲಿ ನನ್ನನ್ನು ಕಾಡಿದ್ದು ಅದರ ಪೆಂಡಿ. ಮುಂಗಾರಿನ ಭತ್ತವನ್ನು ನವೆಂಬರ್, ಡಿಸೆಂಬರ್‌ನಲ್ಲಿ ಯಂತ್ರ ಕೊಯ್ದುಹೋದ ಬಳಿಕ ಹುಲ್ಲು ಹಸಿ ಗದ್ದೆಯಲ್ಲಿ, ಇಬ್ಬನಿಯಲ್ಲಿ ಬಿದ್ದಿರುತ್ತದೆ. ಅದು ಒಣಗುವ ಮೊದಲೇ ಇನ್ನೊಂದು ಯಂತ್ರ ಬಂದು ಉರುಳೆಯಾಗಿ ಬಿಗಿದುಬಿಡುತ್ತದೆ. ಹೊರಗೆ ಹೊಂಬಣ್ಣವಿದ್ದರೂ ಬಿಚ್ಚಿದಾಗ ಒಳಗೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ.

ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ದನ, ಎಮ್ಮೆಗಳಿಗೆ ಬಾಲ, ಕಿವಿಯ ತುದಿ, ಗೊರಸಿನ ಮೇಲ್ಭಾಗ ಕೊಳೆಯುವ ಡೆಗ್ನಾಲಾ ರೋಗ ತಗಲುವುದುಂಟು. ಆದ್ದರಿಂದ ಪ್ರತಿ ಪೆಂಡಿಯನ್ನೂ ಬಿಸಿಲಿಗೆ ಹರವಿ, ಕೆಟ್ಟದ್ದನ್ನು ಆರಿಸಿ ಎಸೆದು, ಪ್ಲಾಸ್ಟಿಕ್ ದಾರದ ಚೂರು ಗೋದಲಿಗೆ ಬೀಳದಂತೆ ಹೆಕ್ಕಬೇಕು. ಅಗ್ಗವೆಂದು ಕೊಂಡದ್ದರಲ್ಲಿ ಎಷ್ಟು ಉಳಿಯಿತೆಂಬುದು ಆಗ ತಿಳಿಯುತ್ತದೆ.

ಸತ್ವದ ಮಾತಿಗೆ ಬಂದರೆ, ಭತ್ತದ ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಹೆಚ್ಚು, ಅದರಲ್ಲಿನ ಆಕ್ಸಲೇಟ್ ಎಂಬ ಅಂಶ ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಹಸುವಿಗೆ ದಕ್ಕದಂತೆ ಹಿಡಿದಿಡುತ್ತದೆ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದು ಸುಧಾರಿಸುತ್ತದೆ, ನಿಜ. ಒಂದು ಹಸುವಿಗಾಗಿ ಅಷ್ಟು ಪಾಡು ನನ್ನಿಂದಾಗದು.

ಕಣಿಕೆಗೂ ದೋಷವಿದೆ. ಹಾಗೆಯೇ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ, ಕತ್ತರಿಸಿಯೇ ಹಾಕಬೇಕು. ಬೆಳಗ್ಗೆ ಹಿಂಡಿ ನೆನೆಯುವಷ್ಟರಲ್ಲಿ ನಾನು ಆ ಕೆಲಸ ಮುಗಿಸುತ್ತೇನೆ. ಹೂವಾಡದ ಎಳೆ ಹಸಿ ಜೋಳದಲ್ಲಿ ವಿಷವಿರುತ್ತದೆ. ಕಾಳು ಬಲಿತು ಒಣಗಿದ ಕಣಿಕೆಗೆ ಆ ಭಯವಿಲ್ಲ.

ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಹಿಂಡಿ ಎಂಬ ಲೆಕ್ಕ ಎರಡಕ್ಕೂ ಒಂದೇ ಎನ್ನುತ್ತಾರೆ. ನನ್ನ ಹಸು ಮಾತ್ರ ಭತ್ತದ ಹುಲ್ಲನ್ನು ಅರೆಬರೆ ತಿಂದು ಹಾಲು ಇಳಿಸಿದ್ದರಿಂದ ಹಿಂಡಿ ಹೆಚ್ಚಿಸಬೇಕಾಯಿತು, ಹುಲ್ಲಿನಲ್ಲಿ ಉಳಿದ ಹಣ ಹಿಂಡಿಯ ಅಂಗಡಿಗೆ ಹೋಯಿತು.

ಸ್ವಂತ ಗದ್ದೆಯಿದ್ದು, ನಾಲ್ಕಾರು ಎಮ್ಮೆ ಕಟ್ಟಿದವರಿಗೆ ಈ ಲೆಕ್ಕ ಒಪ್ಪದು. ಅವರು ಬದುವಿನ ಮೇಲೆ ಒಣಗಿಸಿದ ಹುಲ್ಲನ್ನೇ ಹಾಕಲಿ, ಖನಿಜ ಮಿಶ್ರಣ ತಪ್ಪಿಸದಿರಲಿ. ಕಣಿಕೆ ಸಾಲದಾದಾಗ ನಾನೂ ಬೇಸಿಗೆ ಬೆಳೆಯ ಹುಲ್ಲನ್ನು ಬೆರೆಸುತ್ತೇನೆ, ಆದರೆ ಪೆಂಡಿ ಕಟ್ಟದ ಬಿಡಿ ಹುಲ್ಲು ಸಿಕ್ಕರೆ ಮಾತ್ರ.