ಗ್ರಿಡ್ ಮಿಡಲ್‌ವೇರ್: 15 ವರ್ಷ ಬಳಸಿದವನ ಅನುಭವ, ಜೊತೆಗೆ ಒಂದು ಗುಂಡು ಬ್ಯಾಟರಿಯ ಕಥೆ

ಸುಮಾರು ಹನ್ನೆರಡು ವರ್ಷ ನನ್ನ ಬೆಳಗು ಒಂದೇ ಥರ ಶುರುವಾಗುತ್ತಿತ್ತು. ಹಾಸ್ಟೆಲಿನಲ್ಲಿದ್ದರೆ ಕ್ಯಾಂಟೀನ್ ಚಹಾ, ಶಿರಸಿ ಹತ್ತಿರದ ಮನೆಯಲ್ಲಿದ್ದರೆ ಆಯಿ ಮಾಡಿದ ಕಷಾಯ. ಲೋಟ ಮೇಜಿನ ಮೇಲಿಟ್ಟು ಕಪ್ಪು ಪರದೆಯಲ್ಲಿ ‘ವೋಮ್ಸ್-ಪ್ರಾಕ್ಸಿ-ಇನಿಟ್’ ಅಂತ ಹೊಡೆಯುತ್ತಿದ್ದೆ. ಅದು ಪಾಸ್‌ವರ್ಡ್ ಕೇಳುತ್ತದೆ. ಎಷ್ಟು ಅಕ್ಷರ ಹೊಡೆದರೂ ಪರದೆ ಮೇಲೆ ಒಂದು ನಕ್ಷತ್ರವೂ ಮೂಡುವುದಿಲ್ಲ. ಎಂಟರ್ ಒತ್ತಿ ಒಂದು ಗುಟುಕು ಕುಡಿಯುವಷ್ಟರಲ್ಲಿ ಚುಕ್ಕೆಗಳ ಸಾಲು ಓಡುತ್ತದೆ, ಕೊನೆಗೆ ‘ಡನ್’. ಅದರ ಕೆಳಗೆ, ನಿಮ್ಮ ಪ್ರಾಕ್ಸಿ, ಅಂದರೆ ತಾತ್ಕಾಲಿಕ ಗುರುತಿನ ಚೀಟಿ, ಇಷ್ಟು ಗಂಟೆಯವರೆಗೆ ನಡೆಯುತ್ತದೆ ಎಂಬ ಸಾಲು. ಆವತ್ತಿನ ಮಟ್ಟಿಗೆ ನಾನು ಯಾರು ಅಂತ ಜಗತ್ತಿನ ಒಂದಷ್ಟು ಕಂಪ್ಯೂಟರ್‌ಗಳು ಒಪ್ಪಿಕೊಂಡ ಹಾಗೆ.

ಗ್ರಿಡ್ ಎಂದರೇನು ಅಂತ ಉದ್ದಕ್ಕೆ ಬರೆಯುವುದಿಲ್ಲ, ಓದುವವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವರು ನಮ್ಮ ಕಡೆಯ ಕೊನೆಗೌಡನನ್ನು ನೆನೆಸಿಕೊಳ್ಳಿ. ಮರ ಹತ್ತುವವನು ಒಬ್ಬ, ತೋಟ ಹತ್ತು ಮನೆಯದು. ಯಾರ ತೋಟಕ್ಕೆ ಯಾವತ್ತು, ಎಷ್ಟು ಮರ, ಯಾರ ಹಗ್ಗ, ಯಾರ ಊಟ ಎಂಬುದನ್ನೆಲ್ಲ ಹೊಂದಿಸುವ ಮಾತುಕತೆ ಇದೆಯಲ್ಲ, ಅದೇ ಮಿಡಲ್‌ವೇರ್. ಗ್ರಿಡ್‌ನಲ್ಲಿ ಮರದ ಬದಲು ಬೇರೆ ಬೇರೆ ದೇಶದ ಸಂಶೋಧನಾ ಕೇಂದ್ರಗಳ ಕಂಪ್ಯೂಟರ್ ಇರುತ್ತವೆ, ಅಷ್ಟೆ. ನಾನು 2009ರಲ್ಲಿ ಜಿಲೈಟ್ ಎಂಬ ಮಿಡಲ್‌ವೇರ್‌ನಿಂದ ಶುರು ಮಾಡಿದೆ. ನಡುವೆ ಆರ್ಕ್ ಎಂಬ ಇನ್ನೊಂದನ್ನು ಕಲಿತೆ. ಕೆಲಸ ಕಣಗಳ ಸಿಮ್ಯುಲೇಷನ್. ಈಗ ಕಾರವಾರದಲ್ಲಿ ಪಾಠ ಮಾಡುತ್ತೇನೆ, ಶನಿವಾರ ಘಟ್ಟ ಹತ್ತಿ ಮನೆಗೆ ಬರುತ್ತೇನೆ, ಹಳೆಯ ಗುಂಪಿನ ಜೊತೆ ಸಣ್ಣ ಪ್ರಮಾಣದಲ್ಲಿ ಕೆಲಸ ಮುಂದುವರಿಸಿದ್ದೇನೆ. ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಿಲ್ಲ. ಖರ್ಚಾಗುವುದು ಆಯುಷ್ಯ.

ಮೊದಲು ದೂರು. ಆ ಪ್ರಾಕ್ಸಿಯ ಜೀವ 12 ಗಂಟೆ. ನೀವಾಗಿ ಬದಲಿಸದಿದ್ದರೆ ಅಷ್ಟೇ. ನಾನು ಯಾರು ಅಂತ ಹೇಳುವ ಅಸಲಿ ಸರ್ಟಿಫಿಕೇಟು ಸುಮಾರು ವರ್ಷ ಬಾಳುತ್ತದೆ. ಭಾರತದಲ್ಲಿ ಅದನ್ನು ಕೊಡುವುದು ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ನಡೆಸುವ ಐಜಿಸಿಎ. ಗುರುತಿನ ಚೀಟಿ ಹಿಡಿದು ಎದುರಿಗೇ ಹೋಗಿ ನಿಲ್ಲಬೇಕು. ಅಷ್ಟು ಕಷ್ಟಪಟ್ಟು ತಂದ ಸರ್ಟಿಫಿಕೇಟನ್ನು ಎಲ್ಲ ಕಡೆ ಕಳಿಸಿದರೆ ಕದ್ದುಹೋಗುತ್ತದೆ ಅಂತ, ಅದರ ಗಿಡ್ಡ ಆಯುಷ್ಯದ ನಕಲು ಮಾಡಿ ಕಳಿಸುತ್ತಾರೆ. ಯೋಚನೆ ಸರಿಯಾಗಿಯೇ ಇದೆ. ಆದರೆ ನನ್ನ 300 ಜಾಬ್‌ಗಳು (ಗ್ರಿಡ್‌ಗೆ ಕಳಿಸುವ ಒಂದೊಂದು ಲೆಕ್ಕದ ಕೆಲಸಕ್ಕೆ ಜಾಬ್ ಅನ್ನುತ್ತಾರೆ) ಒಂಬತ್ತು ಗಂಟೆ ಸಾಲಿನಲ್ಲಿ ಕಾದು, ಆಮೇಲೆ ಓಡತೊಡಗಿ, ಮುಗಿಯಲು ಒಂದು ಗಂಟೆ ಇರುವಾಗ ಪ್ರಾಕ್ಸಿ ಸತ್ತು ಎಲ್ಲ ‘ಅಬಾರ್ಟೆಡ್’ ಆದ ದಿನ ಈ ತರ್ಕ ಯಾರಿಗೆ ಬೇಕಿತ್ತು? ಮೈಪ್ರಾಕ್ಸಿ ಎಂಬ ಸರ್ವರಿನಲ್ಲಿ ವಾರದ ನಕಲು ಇಟ್ಟರೆ ಅದೇ ನವೀಕರಣ ಮಾಡಿಕೊಡುತ್ತದೆ. ಇದು ನನಗೆ ಗೊತ್ತಾಗಿದ್ದು ಆ 300 ಸತ್ತ ಮೇಲೆ.

ಇದಕ್ಕಿಂತ ದೊಡ್ಡದು 2011ರ ಆಷಾಢದ್ದು. ಅಡಿಕೆಗೆ ಎರಡನೇ ಸಲ ಮೈಲುತುತ್ತ ಹೊಡೆಸಬೇಕಿತ್ತು, ಅಪ್ಪಯ್ಯನಿಗೆ ಕಾಲುನೋವು, ನಾನು ಊರಿಗೆ ಬಂದಿದ್ದೆ. ಮನೆಯ ಹಳೆಯ ಡೆಸ್ಕ್‌ಟಾಪಿಗೆ ಸೈಂಟಿಫಿಕ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಅಲ್ಲಿಂದಲೇ ಜಾಬ್ ಕಳಿಸುವ ವ್ಯವಸ್ಥೆ ಮಾಡಿಕೊಂಡಿದ್ದೆ. ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಮೂರನೇ ದಿನ ಬಂತು. ಕಷಾಯ ಬಂತು. ಪ್ರಾಕ್ಸಿ ಬರಲಿಲ್ಲ.

ಬಂದ ಸಂದೇಶ ‘ಜಿಎಸ್‌ಎಸ್ ಮೇಜರ್ ಸ್ಟೇಟಸ್: ಆಥೆಂಟಿಕೇಷನ್ ಫೇಲ್ಡ್’. ಗ್ರಿಡ್ ಬಳಸಿದವರಿಗೆ ಈ ಸಾಲು ನೋಡಿದರೆ ಈಗಲೂ ಹೊಟ್ಟೆಯಲ್ಲಿ ತಳಮಳ. ಜ್ವರ ಬಂದಿದೆ ಅಂದ ಹಾಗೆ, ಯಾಕೆ ಅಂತ ಹೇಳುವುದಿಲ್ಲ. ಕೀ ಫೈಲಿನ ಅನುಮತಿ 400, ಅಂದರೆ ನಾನೊಬ್ಬನೇ ಓದುವ ಹಾಗೆ, ಇದೆಯಾ ನೋಡಿದೆ, ಇತ್ತು. ರದ್ದಾದ ಸರ್ಟಿಫಿಕೇಟುಗಳ ಪಟ್ಟಿ ಮತ್ತೆ ಇಳಿಸಿದೆ. ಎಲ್ಲ ಅಳಿಸಿ ಮತ್ತೆ ಹಾಕಿದೆ. ಸೈಟಿನವರಿಗೆ, ಅಂದರೆ ಆ ಕಡೆಯ ಕಂಪ್ಯೂಟರ್ ಕೇಂದ್ರದವರಿಗೆ, ದೂರಿನ ಟಿಕೆಟ್ ಬರೆದೆ, ನಮ್ಮ ಕಡೆ ಎಲ್ಲ ಸರಿ ಇದೆ ಎಂದು ಉತ್ತರ ಬಂತು. ಮಧ್ಯೆ ಕೊನೆಗೌಡ ಬಂದ, ಎರಡು ತಾಸು ಸುಣ್ಣದ ನೀರು ಕಲಸಿದೆ, ಮತ್ತೆ ಬಂದು ಕುಳಿತೆ. ಆಯಿ ಬಾಗಿಲಲ್ಲಿ ನಿಂತು, ‘ಎಂತಾ ಆತೋ ಮಾಣಿ, ಪಾಸಾತಾ?’ ಅಂತ ಕೇಳಿದಳು. ಅವಳ ಲೆಕ್ಕದಲ್ಲಿ ಕಂಪ್ಯೂಟರ್ ಮುಂದೆ ಅಷ್ಟು ಹೊತ್ತು ಕೂತರೆ ಅದು ಪರೀಕ್ಷೆಯೇ.

ಹೀಗೆ ಒದ್ದಾಡಿದ ಎರಡನೇ ದಿನ ಸಂಜೆ ಸುಮ್ನೆ ಫೈಲುಗಳ ಪಟ್ಟಿ ತೆಗೆದೆ. ಆಗಷ್ಟೇ ಉಳಿಸಿದ ಫೈಲಿನ ಮುಂದೆ 2002ರ ಜನವರಿ 1 ಅಂತ ಇತ್ತು.

ಮದರ್‌ಬೋರ್ಡಿನ ಬ್ಯಾಟರಿ ಸತ್ತಿತ್ತು, ಕರೆಂಟು ಹೋದಾಗ ಗಡಿಯಾರ ಒಂಬತ್ತು ವರ್ಷ ಹಿಂದೆ ಓಡಿತ್ತು. 2002ರಲ್ಲಿ ಕೂತವನ ಕೈಯಲ್ಲಿ 2011ರ ಸರ್ಟಿಫಿಕೇಟು. ಅದು ಇನ್ನೂ ಜಾರಿಗೇ ಬಂದಿಲ್ಲ! ನೆಟ್‌ನಿಂದ ಸಮಯ ತಿದ್ದುವ ಎನ್‌ಟಿಪಿಡಿ ಇತ್ತಲ್ಲ ಅಂದುಕೊಳ್ಳಬೇಡಿ. ವ್ಯತ್ಯಾಸ 1000 ಸೆಕೆಂಡಿಗಿಂತ ಜಾಸ್ತಿ ಇದ್ದರೆ, ಮೊದಲೇ ಬೇರೆ ಥರ ಹೇಳಿಡದಿದ್ದರೆ, ಅದು ತಿದ್ದಲು ಹೋಗದೆ ಕೆಲಸ ಬಿಟ್ಟು ಎದ್ದುಹೋಗುತ್ತದೆ. ಪ್ರಾಕ್ಸಿ ಮಾಡುವವರು ಗಡಿಯಾರ ಹೆಚ್ಚುಕಮ್ಮಿ ಇರಬಹುದು ಅಂತ ಐದು ನಿಮಿಷದ ವಿನಾಯಿತಿ ಇಟ್ಟಿದ್ದರು. ಒಂಬತ್ತು ವರ್ಷಕ್ಕೆ ಇಟ್ಟಿರಲಿಲ್ಲ.

ಮಾರನೇ ದಿನ ಪೇಟೆಯ ವಾಚ್ ಅಂಗಡಿಗೆ ಹೋದೆ. ಹಳೆಯ ಬ್ಯಾಟರಿ ತೋರಿಸಿ ಕಂಪ್ಯೂಟರಿನದ್ದು ಅನ್ನುವಷ್ಟರಲ್ಲಿ, ‘2032 ಅಲ್ದಾ’ ಅಂದವರೇ ಡಬ್ಬಿಯಿಂದ ಒಂದು ಕಿತ್ತು ಕೊಟ್ಟರು. ಯಾವ ಕಂಪನಿ ಮದರ್‌ಬೋರ್ಡು, ಯಾವ ವರ್ಷದ್ದು, ಒಂದೂ ಕೇಳಲಿಲ್ಲ. 20 ಅಂದರೆ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2. ಜಗತ್ತಿನ ಯಾವ ಅಂಗಡಿಯಲ್ಲಾದರೂ ಅಷ್ಟೇ. ಅಲ್ಲಿ ನಿಂತಾಗ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಯಾಕೆಂದರೆ ಆ ದಿನಗಳಲ್ಲಿ ಗ್ರಿಡ್‌ನಲ್ಲಿ ಒಂದೇ ಕೆಲಸವನ್ನು ಎರಡು ಭಾಷೆಯಲ್ಲಿ ಬರೆಯುತ್ತಿದ್ದೆ. ಜಿಲೈಟ್ ಸೈಟಿಗೆ ಜೆಡಿಎಲ್, ನಾರ್ಡಿಕ್ ದೇಶಗಳಲ್ಲಿ ಹುಟ್ಟಿದ ಆರ್ಕ್‌ಗೆ ಎಕ್ಸ್‌ಆರ್‌ಎಸ್‌ಎಲ್. ಜರ್ಮನಿಯ ಯುನಿಕೋರ್‌ಗೆ ಇನ್ನೊಂದು ದಾರಿ, ಅದರ ಗೊಡವೆಗೆ ನಾನು ಹೋಗಲಿಲ್ಲ. ಜೆಎಸ್‌ಡಿಎಲ್ ಎಂಬ ಸಾಮಾನ್ಯ ಭಾಷೆ 2005ರಲ್ಲೇ ಬಂದಿತ್ತು. ಕಾಗದದಲ್ಲಿ. ನನ್ನ ಕೈಗೆ ಸಿಕ್ಕ ಸೈಟುಗಳಲ್ಲಿ ಹಳೆಯ ಮಾತೇ ನಡೆಯುತ್ತಿತ್ತು.

ಇಲ್ಲಿಂದ ಸ್ವಲ್ಪ ಮೆತ್ತಗಾಗುತ್ತೇನೆ.

2010ರ ಮೇ ತಿಂಗಳಲ್ಲಿ ಯುರೋಪಿನಲ್ಲಿ ಇಎಂಐ (ಯುರೋಪಿಯನ್ ಮಿಡಲ್‌ವೇರ್ ಇನಿಷಿಯೇಟಿವ್) ಅಂತ ಒಂದು ಯೋಜನೆ ಶುರುವಾಗಿತ್ತು. ಜಿಲೈಟ್, ಆರ್ಕ್, ಯುನಿಕೋರ್, ದತ್ತಾಂಶ ಇಡುವ ಡಿಕ್ಯಾಶ್, ಈ ನಾಲ್ಕೂ ಬಳಗವನ್ನು ಒಂದೇ ಮೇಜಿಗೆ ಕೂರಿಸುವ ಕೆಲಸ. ಮೂರು ವರ್ಷ, ಮೂರು ಬಿಡುಗಡೆ, ಮೂರಕ್ಕೂ ಪರ್ವತಗಳ ಹೆಸರು: ಕೆಬ್ನೆಕೈಸೆ, ಮ್ಯಾಟರ್‌ಹಾರ್ನ್, ಮೊಂಟೆ ಬಿಯಾಂಕೊ. ಎರಡನೆಯದು ಹಾಕಿದ ಮೇಲೆ ಆರ್ಕ್‌ನ ‘ಆರ್ಕ್‌ಸಬ್’ ಎಂಬ ಆಜ್ಞೆಗೆ ನನ್ನ ಹಳೆಯ ಜೆಡಿಎಲ್ ಫೈಲನ್ನೇ ಕೊಟ್ಟು ನೋಡಿದೆ. ಬೈಯಬಹುದು ಅಂದುಕೊಂಡಿದ್ದೆ. ಓದಿತು, ಒಪ್ಪಿತು, ಕಳಿಸಿತು. ಜಿಲೈಟ್ ಕಡೆ ಜಾಬ್ ತೆಗೆದುಕೊಳ್ಳುವ ಕ್ರೀಮ್‌ಗೂ ಕಳಿಸಿತು. ಸೈಟಿನವರು ತಮ್ಮಲ್ಲಿ ಎಷ್ಟು ಯಂತ್ರ, ಎಷ್ಟು ಜಾಗ, ಸಾಲು ಎಷ್ಟುದ್ದ ಎಂದು ಹೇಳಿಕೊಳ್ಳುವುದಕ್ಕೂ ಗ್ಲೂ 2 ಎಂಬ ಒಂದೇ ನಮೂನೆ ಬಂತು. ಶಿರಸಿ ಮಾರ್ಕೆಟ್ಟಿನಲ್ಲಿ ರಾಶಿ, ಬೆಟ್ಟೆ, ಚಾಲಿ ಅಂದರೆ ಕೊಳ್ಳುವವನಿಗೂ ಮಾರುವವನಿಗೂ ಒಂದೇ ಅರ್ಥ ಅಲ್ವಾ, ಹಾಗೆ. ಮೊದಲು ಪ್ರತಿ ಮೂಟೆ ಬಿಚ್ಚಿ ನೋಡಬೇಕಿತ್ತು.

ನನಗೆ ಸಿಕ್ಕ ಖುಷಿ ಮಾತ್ರ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಪ್ರತಿ ಜಾಬ್‌ನ ಮೊದಲ ಸಾಲಿನಲ್ಲಿ ಯಂತ್ರದ ಹೆಸರು ಮತ್ತು ಅಲ್ಲಿಯ ಹೊತ್ತು ಬರೆದಿಡಲು ಹೇಳುತ್ತಿದ್ದೆ. ಬೆಳಿಗ್ಗೆ ಆ ಸಾಲುಗಳನ್ನು ಮಾತ್ರ ಒಟ್ಟು ಮಾಡಿ ಓದುವುದು. ಹ್ಯಾಂಬರ್ಗ್, ರಾತ್ರಿ ಎರಡೂವರೆ. ತೈಪೆ, ಬೆಳಿಗ್ಗೆ ಎಂಟು. ಲುಬ್ಲಿಯಾನಾ. ಮತ್ತೆ ಹ್ಯಾಂಬರ್ಗ್. ಅಂಚೆ ಬಂದ ಹಾಗೆ. ಹೊರಗೆ ಮಳೆ, ಹಂಡೆ ಒಲೆಯ ಹೊಗೆ, ನಾನು ಮಲಗಿದ್ದಾಗ ನನ್ನ ಕೆಲಸ ಎಲ್ಲೆಲ್ಲೋ ನಡೆದಿರುತ್ತಿತ್ತು. 2012ರ ಜುಲೈ 4ರಂದು ಹಿಗ್ಸ್ ಕಣದ ಸುದ್ದಿ ಕೊಟ್ಟಾಗ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಮುಖ್ಯಸ್ಥರು ಯಂತ್ರ ಮತ್ತು ಪ್ರಯೋಗಗಳ ಜೊತೆ ಗ್ರಿಡ್ಡನ್ನೂ ಹೆಸರಿಸಿದರು. ನನ್ನ ಜಾಬ್‌ಗಳಿಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಆವತ್ತು ಅಪ್ಪಯ್ಯನ ಹತ್ತಿರ ಸಂಬಂಧ ಇದ್ದ ಹಾಗೇ ಹೇಳಿದೆ.

ಬೇಸರ ಮತ್ತೆ ಶುರುವಾಗಿದ್ದು 2013ರ ಏಪ್ರಿಲ್‌ನಲ್ಲಿ ಯೋಜನೆಯ ಅವಧಿ ಮುಗಿದ ಮೇಲೆ. ಕಲಿತದ್ದು ಒಂದೊಂದಾಗಿ ಕಳಚುತ್ತಾ ಹೋಯಿತು. ಇದಕ್ಕೆಲ್ಲ ತಳಪಾಯವಾಗಿದ್ದ ಗ್ಲೋಬಸ್ ಟೂಲ್‌ಕಿಟ್‌ನ ಅಧಿಕೃತ ಬೆಂಬಲ 2018ರ ಜನವರಿಗೆ ನಿಂತಿತು, ಬಳಸುವವರೇ ಸೇರಿ ಅದನ್ನು ಗ್ರಿಡ್ ಕಮ್ಯುನಿಟಿ ಟೂಲ್‌ಕಿಟ್ ಅಂತ ಉಳಿಸಿಕೊಂಡರು. ಕ್ರೀಮ್ 2020ರ ಕೊನೆಗೆ ಮುಗಿಯಿತು. ಪ್ರತಿ ಸಲವೂ ಹೊಸ ಆಜ್ಞೆ, ಹೊಸ ಫೈಲು. ನನ್ನಂಥ ಸಣ್ಣ ಬಳಕೆದಾರನಿಗೆ ವರ್ಷಕ್ಕೊಮ್ಮೆ ಹೊಸ ಮನೆಗೆ ಬಾಡಿಗೆ ಹೋದ ಹಾಗೆ. ನಿಮ್ಮ ಹತ್ತಿರ ನೂರಿನ್ನೂರು ಜಾಬ್ ಮಾತ್ರ ಇದ್ದರೆ, ಈ ಕಡೆ ಬರಬೇಡಿ. ಒಳ್ಳೆಯ ಒಂದು ಡೆಸ್ಕ್‌ಟಾಪ್ ಕೊಳ್ಳಿ. ಸಾವಿರದ ಮೇಲೆ ಇದ್ದರೆ, ಜೊತೆಗೆ ಹೇಳಿಕೊಡಲು ಒಬ್ಬ ಹಳಬ ಇದ್ದರೆ, ಖಂಡಿತ ಬನ್ನಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಹ್ಯಾಂಬರ್ಗಿನ ರಾತ್ರಿ ಎರಡೂವರೆಗೆ.

ಈಗ ಪ್ರಾಕ್ಸಿಯ ಜಾಗಕ್ಕೆ ಟೋಕನ್ ಬರುತ್ತಿದೆ. ಅದರ ಆಯುಷ್ಯ 12 ಗಂಟೆಗಿಂತಲೂ ಕಮ್ಮಿ, ಆದರೆ ಹಿನ್ನೆಲೆಯಲ್ಲಿ ತಾನೇ ನವೀಕರಿಸಿಕೊಳ್ಳುತ್ತದೆ. ಬೆಳಿಗ್ಗೆ ಪಾಸ್‌ವರ್ಡ್ ಹೊಡೆಯುವ ಕೆಲಸ ಇಲ್ಲ. ಹನ್ನೆರಡು ವರ್ಷ ಬೈದ ಕೆಲಸ ತಪ್ಪಿತಲ್ಲ ಅಂತ ಖುಷಿಯಾಗಬೇಕಿತ್ತು. ಕಷಾಯದ ಲೋಟ ಹಿಡಿದು ಏನು ಮಾಡಬೇಕು ಗೊತ್ತಾಗುವುದಿಲ್ಲ.

ಒಂದು ಮಾತು ಬಿಟ್ಟೆ. ಟೋಕನ್ನಿನಲ್ಲೂ ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಬರೆದಿರುತ್ತದೆ, ಅಂದರೆ ಅದೂ ಗಡಿಯಾರ ನೋಡುತ್ತದೆ. ಹಳೆಯ ಡೆಸ್ಕ್‌ಟಾಪ್ ಮನೆಯಲ್ಲಿ ಇನ್ನೂ ಇದೆ. ಮಳೆಗಾಲಕ್ಕೆ ಮುಂಚೆ ಎರಡು 2032 ತಂದು ಪೆನ್ ಡಬ್ಬಿಯಲ್ಲಿಟ್ಟಿದ್ದೆ. ಮೊನ್ನೆ ನೋಡಿದರೆ ಒಂದೇ ಇದೆ. ಇನ್ನೊಂದನ್ನು ಆಯಿ ಅಡುಗೆಮನೆಯ ತೂಕದ ಮಷಿನ್ನಿಗೆ ಹಾಕಿಕೊಂಡಿದ್ದಾಳೆ.