ವುಲ್ಫ್ ಫಿಶ್: ರೆಡ್, ಗೋಲ್ಡ್, ಕಾಮನ್ – ಯಾವುದನ್ನು ತರಬೇಕು?

‘ವುಲ್ಫ್ ಫಿಶ್’ ಎನ್ನುವ ಒಂದೇ ಹೆಸರಿನಲ್ಲಿ, ಮನೆಯ ತೊಟ್ಟಿಯಲ್ಲಿ ಸಾಕಲು ಬೇರೆ ಬೇರೆ ಜಾತಿಯ ಮೀನುಗಳು ಮಾರಾಟವಾಗುತ್ತವೆ. ಒಂದು ಸುಮಾರು 20 ಸೆಂಟಿಮೀಟರ್‌ಗೆ ನಿಲ್ಲುತ್ತದೆ, ಇನ್ನೊಂದು ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ಮರಿಯಲ್ಲಿ ಎರಡೂ ಕಂದು ಬಣ್ಣದ, ಉದ್ದನೆಯ ಮೀನುಗಳೇ. ಹಾಗಾಗಿ ಬೆಲೆ ಕೇಳುವ ಮೊದಲು ಜಾತಿ ಗುರುತಿಸಬೇಕು. ನಾನು ರೆಡ್, ಗೋಲ್ಡ್, ಕಾಮನ್ ಮೂರನ್ನೂ ಸಾಕಿ ನೋಡಿದ್ದೇನೆ. ಮೂರೂ ಬೇಟೆಗಾರ ಮೀನುಗಳು, ಆದರೆ ಮೂರರ ಸ್ವಭಾವ ಮೂರು ಥರ.

ಮೊದಲು ಅದು ವುಲ್ಫ್ ಫಿಶ್ ಹೌದೋ ಅಲ್ಲವೋ ನೋಡಿ. ಸ್ನೇಕ್‌ಹೆಡ್ ಎಂಬ ಬೇರೊಂದು ಬೇಟೆಗಾರ ಮೀನಿನ ಮರಿಯನ್ನು ಇದೇ ಅಂದುಕೊಳ್ಳುವವರಿದ್ದಾರೆ. ಸ್ನೇಕ್‌ಹೆಡ್‌ಗೆ ಬೆನ್ನಿನ ರೆಕ್ಕೆ ಹೆಚ್ಚು ಕಡಿಮೆ ಬಾಲದವರೆಗೂ ಹರಡಿರುತ್ತದೆ. ವುಲ್ಫ್ ಫಿಶ್‌ಗೆ ಬೆನ್ನಿನ ನಡುವೆ ಗಿಡ್ಡ ರೆಕ್ಕೆ ಒಂದೇ. ಬಾಲ ದುಂಡಗಿರುತ್ತದೆ.

ರೆಡ್ ವುಲ್ಫ್, ವೈಜ್ಞಾನಿಕ ಹೆಸರಿನಲ್ಲಿ ಎರಿತ್ರೈನಸ್ ಎರಿತ್ರೈನಸ್, ಮೂರರಲ್ಲಿ ಚಿಕ್ಕದು. ಹೊಟ್ಟೆಯ ಕಡೆ, ರೆಕ್ಕೆಗಳಲ್ಲಿ ಕೆಂಪು ಛಾಯೆ ಇರುತ್ತದೆ. ಗಂಡಿಗೆ ಬೆನ್ನಿನ ರೆಕ್ಕೆ ಉದ್ದವಾಗಿ ಬೆಳೆಯುತ್ತದೆ, ನೋಡೋಕೆ ಬಹಳ ಚೆಂದ. ಚಿಕ್ಕದೆಂದು ಜೊತೆಗೆ ಬೇರೆ ಮೀನು ಬಿಡಬೇಡಿ. ತನ್ನ ಮೂಲೆಗೆ ಬಂದವರನ್ನು ಅದು ಕಚ್ಚಿಯೇ ಕಳಿಸುತ್ತದೆ. 90 ಸೆಂಟಿಮೀಟರ್ ಉದ್ದದ ತೊಟ್ಟಿಯಲ್ಲಿ ಒಂದೇ ಒಂದು ಇಟ್ಟರೆ ಆರಾಮ.

ಗೋಲ್ಡ್ ವುಲ್ಫ್, ಹಾಪ್ಲೆರಿತ್ರೈನಸ್ ಯೂನಿಟೀನಿಯಾಟಸ್, ಗುರುತಿಸಲು ಸುಲಭ. ಮೈ ಉದ್ದಕ್ಕೂ ಒಂದು ಕಪ್ಪು ಪಟ್ಟೆ, ಕಿವಿರಿನ ಮುಚ್ಚಳದ ಮೇಲೆ ಒಂದು ಕಪ್ಪು ಮಚ್ಚೆ. ಸುಮಾರು 40 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ. ಇದು ಸುಮ್ನೆ ತಳದಲ್ಲಿ ಬಿದ್ದಿರುವುದಿಲ್ಲ, ನೀರಿನ ನಡುವೆ ಓಡಾಡುತ್ತದೆ, ಹಗಲಲ್ಲೂ ಕಾಣಿಸುತ್ತದೆ. ಬೇಟೆಯ ಮೀನು ಬೇಕು, ಆದರೆ ಅದು ಈಜುವುದನ್ನೂ ನೋಡಬೇಕು ಅನ್ನುವವರು ಇದನ್ನೇ ತನ್ನಿ. ತೊಟ್ಟಿ 150 ಸೆಂಟಿಮೀಟರ್ ಉದ್ದ, 60 ಅಗಲ ಇರಲಿ.

ರೆಡ್, ಗೋಲ್ಡ್ ಎರಡೂ ಮೇಲೆ ಬಂದು ಗಾಳಿ ನುಂಗುತ್ತವೆ, ಈಜುಚೀಲದ, ಅಂದರೆ ಮೈಯೊಳಗಿನ ಗಾಳಿಚೀಲದ ಮೂಲಕ ಉಸಿರಾಡುತ್ತವೆ. ನೀರಿಗೂ ಮುಚ್ಚಳಕ್ಕೂ ನಡುವೆ ಸ್ವಲ್ಪ ಜಾಗ ಬಿಡಲೇಬೇಕು. ಮುಚ್ಚಳದ ಮೇಲೆ ಭಾರ ಇಡುವುದನ್ನೂ ಮರೆಯಬೇಡಿ, ಏಕೆಂದರೆ ಇವು ಜೋರಾಗಿ ಹಾರುತ್ತವೆ.

ಕಾಮನ್ ವುಲ್ಫ್, ಹಾಪ್ಲಿಯಸ್ ಮಲಬಾರಿಕಸ್, ನಿಜವಾದ ಹೊಂಚುಗಾರ. ಗಂಟೆಗಟ್ಟಲೆ ಅಲುಗಾಡದೆ ಮಲಗಿರುತ್ತದೆ. ಕತ್ತಲಾದ ಮೇಲೆ ಚುರುಕಾಗುತ್ತದೆ. ಬಾಯಿಯ ಹೊಡೆತ ಮಾತ್ರ ಕಣ್ಣಿಗೆ ಸಿಗದಷ್ಟು ವೇಗ! ಅದರ ತಾಳ್ಮೆ ನೋಡುವುದೇ ಒಂದು ಸುಖ, ಆದರೆ ಮನೆಯವರೆಲ್ಲರಿಗೂ ಅದು ಹಿಡಿಸುವುದಿಲ್ಲ. 40 ಸೆಂಟಿಮೀಟರ್ ದಾಟುವ ಮೀನು, ಒಂಟಿಯಾಗಿಯೇ ಇಡಬೇಕು. ಬದುಕಿರುವ ಮೀನನ್ನೇ ತಿನ್ನಿಸಬೇಕು ಅನ್ನುವುದು ಸುಳ್ಳು. ಸಿಗಡಿ, ಮೀನಿನ ತುಂಡು, ಎರೆಹುಳಕ್ಕೆ ಅಭ್ಯಾಸವಾಗುತ್ತದೆ. ಗೋಲ್ಡ್‌ಫಿಶ್ ಹಾಕಿದರೆ ರೋಗ ಬರಬಹುದು. ಜೊತೆಗೆ ಅದರಲ್ಲಿರುವ ತಯಾಮಿನೇಸ್ ಎಂಬ ಕಿಣ್ವ ಬಿ1 ವಿಟಮಿನ್ ಅನ್ನು ಹಾಳು ಮಾಡುತ್ತದೆ.

ಗೊಂದಲ ಜಾಸ್ತಿ ಇರುವುದು ಹಾಪ್ಲಿಯಸ್ ಕುಲದೊಳಗೇ, ಅಂದರೆ ಕಾಮನ್ ವುಲ್ಫ್ ಮತ್ತು ಅದರ ಹತ್ತಿರದ ಜಾತಿಗಳಲ್ಲಿ. ಬಣ್ಣ ನಂಬಬೇಡಿ, ಬೆಳಕಿಗೆ, ತಳದ ಮರಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಮೀನನ್ನು ಪಾರದರ್ಶಕ ಡಬ್ಬಿಗೆ ಹಾಕಿಸಿ ಕೆಳಗಿನಿಂದ ಗದ್ದ ನೋಡಿ. ಕೆಳದವಡೆಯ ಒಳ ಅಂಚುಗಳು ಮುಂದಕ್ಕೆ ಹೋಗುತ್ತಾ ‘ವಿ’ ಅಕ್ಷರದಂತೆ ಕೂಡಿದರೆ ಕಾಮನ್ ವುಲ್ಫ್ ಗುಂಪು. ಅಂಚುಗಳು ಸಮನಾಗಿ ಸಾಗಿ ‘ಯು’ ಥರ ಕಂಡರೆ ಲಾಸರ್ಡೆ ಎಂಬ ಇನ್ನೊಂದು ಗುಂಪು. ಬ್ಲ್ಯಾಕ್ ವುಲ್ಫ್ ಎಂದು ಮಾರುವ, 2009ರಲ್ಲಿ ವಿವರಿಸಲಾದ ಹಾಪ್ಲಿಯಸ್ ಕುರುಪಿರಾ ಈ ಗುಂಪಿನದು. ಕಾಮನ್ ಗುಂಪಿಗೆ ನಾಲಿಗೆಯ ಮೇಲೂ ಹಲ್ಲಿರುತ್ತದೆ, ಲಾಸರ್ಡೆ ಗುಂಪಿಗೆ ನುಣುಪು. ಬೆರಳು ಹಾಕಿ ಪರೀಕ್ಷಿಸುವ ವಿಷಯ ಅದಲ್ಲ, ಗದ್ದವೇ ಸಾಕು.

ಕಿವಿರಿನ ಮುಚ್ಚಳದ ಅಂಚಿನ ಪೊರೆಯಲ್ಲಿ ಮೇಲಿಂದ ಕೆಳಕ್ಕೆ ಉದ್ದವಾಗಿ ನಿಂತ ಕಪ್ಪು ಗುರುತು ಕಂಡರೆ ಅದು ಹಾಪ್ಲಿಯಸ್ ಐಮಾರಾ, ಅದೇ ಆ ಒಂದು ಮೀಟರ್‌ನ ಮೀನು. ಅದಕ್ಕೆ ಮನೆಯ ತೊಟ್ಟಿ ಸಾಲದು, ಕೊಳವೇ ಬೇಕು. ಮರಿ ಎಷ್ಟೇ ಮುದ್ದಾಗಿದ್ದರೂ ಬಿಟ್ಟು ಬನ್ನಿ.

ಯಾವುದನ್ನೇ ತಂದರೂ ಬಲೆಯಿಂದ ಎತ್ತಬೇಡಿ. ಹಲ್ಲು ಬಲೆಗೆ ಸಿಕ್ಕಿ ಬಾಯಿ ಹರಿಯುತ್ತದೆ. ಮುಚ್ಚಳವಿರುವ ಗಟ್ಟಿ ಡಬ್ಬಿಯನ್ನು ನೀರಿನೊಳಗೆ ಅಡ್ಡ ಹಿಡಿದು, ಮೀನನ್ನು ನಿಧಾನವಾಗಿ ಒಳಕ್ಕೆ ಓಡಿಸಿ.